ಒಂದೇ ಗುಡ್ಡ, ವರ್ಷಪೂರ್ತಿ

ಹಂಪಿಯ ವಿಜಯವಿಠ್ಠಲ ದೇವಸ್ಥಾನದ ಕಲ್ಲಿನ ರಥವನ್ನು ನೋಡದವರು ಕಡಿಮೆ. ಹಂಪಿಗೆ ಹೋಗದವರೂ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ನೋಡಿರುತ್ತಾರೆ. ಆ ರಥದ ನೆತ್ತಿಯ ಮೇಲೆ ಒಂದು ಕಾಲಕ್ಕೆ ಇಟ್ಟಿಗೆಯ ಶಿಖರ ಇತ್ತು ಎಂದರೆ ಮಾತ್ರ ಅನೇಕರು ಹುಬ್ಬೇರಿಸುತ್ತಾರೆ. ಅದು ಇದ್ದದ್ದಕ್ಕೆ ಸಾಕ್ಷಿ ಒಂದು ಫೋಟೊ. ಮದ್ರಾಸ್ ಸೇನೆಯ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ಪಾಳುಗಳ ನಡುವೆ ದೊಡ್ಡ ಕ್ಯಾಮೆರಾ ಹೊತ್ತುಕೊಂಡು ತಿರುಗಿ, ಮೇಣ ಹಿಡಿಸಿದ ಕಾಗದದ ನೆಗೆಟಿವ್‌ಗಳಲ್ಲಿ ಕಂಡದ್ದನ್ನೆಲ್ಲ ಇಳಿಸಿಕೊಂಡ. ಫೋಟೊ ತೆಗೆಯುವುದು ಅವನ ನೌಕರಿಯಲ್ಲ, ಹವ್ಯಾಸ. ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಮಸೂರ ತೆರೆದಿಡಬೇಕಿದ್ದ ಕಾಲ ಅದು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವೇ ಜಾಗಗಳನ್ನು ಹುಡುಕಿ, ಅದೇ ಕೋನದಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಕಂಬ ಉರುಳಿದೆ, ಯಾವ ಗೋಡೆ ರಿಪೇರಿ ಕಂಡಿದೆ, ಎಲ್ಲಿ ಪೊದೆ ಹೋಗಿ ಹುಲ್ಲುಹಾಸು ಬಂದಿದೆ ಎಂಬುದೆಲ್ಲ ತಾನಾಗಿ ಕಾಣುತ್ತದೆ.

ಕಳೆದ ಜನವರಿಯಲ್ಲಿ ಹಂಪಿಗೆ ಹೋದಾಗ ಆ ಹಳೆಯ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದೆ. ಗ್ರೀನ್‌ಲಾ ಎಲ್ಲಿ ನಿಂತಿದ್ದಿರಬೇಕು ಎಂದು ಪತ್ತೆ ಹಚ್ಚುವುದು ಅಂಥ ದೊಡ್ಡ ವಿದ್ಯೆಯೇನಲ್ಲ, ತಾಳ್ಮೆ ಬೇಕು ಅಷ್ಟೆ. ಹತ್ತಿರದ ಒಂದು ವಸ್ತು, ದೂರದ ಒಂದು ವಸ್ತು ಆರಿಸಿಕೊಳ್ಳಬೇಕು. ರಥದ ಚಕ್ರದ ಅಂಚಿಗೂ ಹಿಂದಿನ ಮಂಟಪದ ಕಂಬಕ್ಕೂ ನಡುವೆ ಹಳೆಯ ಚಿತ್ರದಲ್ಲಿ ಎಷ್ಟು ಸಂದು ಇದೆಯೋ ಅಷ್ಟೇ ಸಂದು ಕಣ್ಣಿಗೆ ಕಾಣುವವರೆಗೆ ಎಡಕ್ಕೆ, ಬಲಕ್ಕೆ ಸರಿಯಬೇಕು. ಒಂದು ಹೆಜ್ಜೆ ಅತ್ತ ಹೋದರೆ ಕಂಬ ಚಕ್ರದ ಮರೆಗೆ ಹೋಗುತ್ತದೆ, ಇತ್ತ ಬಂದರೆ ದೂರ ಸರಿಯುತ್ತದೆ. ಇಂಥ ಎರಡು ಜೋಡಿ ಕೂಡಿಬಂದರೆ ನಿಂತ ಜಾಗ ಪಕ್ಕಾ. ಆಮೇಲೆ ಎತ್ತರ. ನಿಂತು ನೋಡಿದಾಗ ಕೂಡದ ಗೆರೆಗಳು ಮಂಡಿಯೂರಿದಾಗ ಕೂಡುವುದುಂಟು. ನಾನು ಹೀಗೆ ಏಡಿಯ ನಡಿಗೆ ನಡೆಯುತ್ತಿದ್ದದ್ದನ್ನು ನೋಡಿ ಅಲ್ಲಿನ ಕಾವಲಿನವರು, ‘ಸಾರ್, ಏನಾದ್ರೂ ಕಳಕೊಂಡ್ರೇನು?’ ಎಂದು ವಿಚಾರಿಸಿದರು.

ಆ ಪ್ರವಾಸದಿಂದ ಬಂದ ಮೇಲೆ ನನ್ನ ವರ್ಷದ ತಿರುಗಾಟವೇ ಬೇರೆ ದಿಕ್ಕು ಹಿಡಿಯಿತು. ಹೊಸ ಬೆಟ್ಟಗಳ ಪಟ್ಟಿ ಮಾಡಿಕೊಂಡು ಒಂದೊಂದಕ್ಕೆ ಗೆರೆ ಎಳೆಯುತ್ತ ಹೋಗುವುದನ್ನು ಬಿಟ್ಟು, ಹೋದ ಜಾಗಕ್ಕೇ ಮತ್ತೆ ಮತ್ತೆ ಹೋಗತೊಡಗಿದೆ. ಗೆಳೆಯರಿಗೆ ಇದು ಬೇಸರದ ಸಂಗತಿ. ‘ಮತ್ತೆ ಅಲ್ಲೇನಾ?’ ಎನ್ನುವವರು ಒಬ್ಬೊಬ್ಬರಾಗಿ ಕಳಚಿಕೊಂಡರು. ಕೊನೆಗೆ ಉಳಿದವನು ಮೂಡಿಗೆರೆ ಕಡೆಯ ಒಬ್ಬ ಗೆಳೆಯ. ಅವನಿಗಾದರೂ ಆ ದಾರಿಯಲ್ಲಿ ನೆಂಟರ ಮನೆಗಳಿವೆ.

ಈಗ ಡಿಸೆಂಬರಿನಲ್ಲಿ ಕೂತು ವರ್ಷದ ಚಿತ್ರಗಳನ್ನು ಜರಡಿ ಹಿಡಿಯುತ್ತಿದ್ದೇನೆ. ಮೊದಲು ಕಸದ ಬುಟ್ಟಿಗೆ ಹೋದವು ಸೂರ್ಯೋದಯಗಳು. ಬೆಟ್ಟದ ತುದಿ, ಕೆಳಗೆ ಹತ್ತಿ ಹಾಸಿದಂಥ ಮಂಜು, ಆಚೆ ಕಿತ್ತಳೆ ಚೆಂಡು. ನಂದಿಬೆಟ್ಟದಲ್ಲಿ ತೆಗೆದದ್ದೋ ಸ್ಕಂದಗಿರಿಯಲ್ಲಿ ತೆಗೆದದ್ದೋ ತೆಗೆದವನಿಗೇ ಹೇಳಲಾಗದು. ಅಂದಹಾಗೆ ಆ ‘ಮೋಡದ ಕಡಲು’ ಬಹುಪಾಲು ನೆಲದಲ್ಲೇ ಹುಟ್ಟಿದ ಮಂಜು. ಮಳೆಗಾಲ ಮುಗಿದ ಮೇಲೆ ಆಕಾಶ ತಿಳಿಯಾಗಿರುವ ರಾತ್ರಿಗಳಲ್ಲಿ ನೆಲದ ಕಾವು ಬೇಗ ಹಾರಿಹೋಗುತ್ತದೆ. ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ಕಣಿವೆಯಲ್ಲಿ ಸೇರಿಕೊಳ್ಳುತ್ತದೆ, ಮೇಲಿನ ಗಾಳಿ ಬೆಚ್ಚಗೇ ಉಳಿಯುತ್ತದೆ. ಕೆಳಗಿನ ತೇವ ಹನಿಗಟ್ಟಿ ಮಂಜಾಗುತ್ತದೆ. ಬಿಸಿಲೇರಿದ ಹಾಗೆ ಅದು ಕರಗುವುದರಿಂದಲೇ ಬೆಂಗಳೂರಿನವರು ನಡುರಾತ್ರಿ ಕಾರು ಹೊರಡಿಸುವುದು. ನೋಡುವುದಕ್ಕೆ ಚಂದ, ನನ್ನ ತಕರಾರಿಲ್ಲ. ಚಿತ್ರವಾಗಿ ಮಾತ್ರ ಅದು ಯಾರದ್ದಾದರೂ ಆಗಬಹುದು, ಯಾವ ವರ್ಷದ್ದಾದರೂ ಆಗಬಹುದು.

ಉಳಿಸಿಕೊಳ್ಳಬೇಕು ಅನ್ನಿಸಿದ್ದು ಸೀತಾಳಯ್ಯನಗಿರಿಯ ಹತ್ತಿರದ ಒಂದು ಇಳಿಜಾರಿನ ಚಿತ್ರಗಳು. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೋಗುವ ದಾರಿಯಲ್ಲಿ ಸಿಗುವ ಜಾಗ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ರಾಜ್ಯದ ಅತಿ ಎತ್ತರದ ಶಿಖರವಾದ್ದರಿಂದ ಎಲ್ಲರ ಕಣ್ಣು ಅತ್ತಲೇ. ಈ ಇಳಿಜಾರಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ರಸ್ತೆಯಂಚಿನ ಒಂದು ಬಂಡೆಯನ್ನು ಗುರುತಿಟ್ಟುಕೊಂಡು, ಅದರ ಮೇಲೆ ಕೂತು, ಎದುರಿನ ಎರಡು ಕೋಡುಗಳನ್ನು ಚೌಕಟ್ಟಿನ ಎರಡು ಅಂಚಿಗೆ ಹೊಂದಿಸಿ, ಹೋದಾಗಲೆಲ್ಲ ಒಂದೇ ಚಿತ್ರ ತೆಗೆದೆ.

ಜನವರಿಯ ಚಿತ್ರದಲ್ಲಿ ಹುಲ್ಲು ಗೋಧಿಯ ಬಣ್ಣಕ್ಕೆ ತಿರುಗಿದೆ. ಕಣಿವೆಯ ಮಡಿಕೆಯಲ್ಲಿ ಶೋಲಾ ಕಾಡು ಕಡುಹಸಿರು. ಕಾಡು ಮುಗಿದು ಹುಲ್ಲು ಶುರುವಾಗುವ ಗೆರೆ ಕತ್ತರಿಯಲ್ಲಿ ಕತ್ತರಿಸಿದಷ್ಟು ನೇರ. ಯಾರೋ ಮರ ಕಡಿದು ಹುಲ್ಲು ಬೆಳೆಸಿದ್ದಾರೆ ಎಂದು ಮೊದಲ ಸಲ ನೋಡಿದವರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಎತ್ತರದ ಘಟ್ಟಗಳಲ್ಲಿ ಗಾಳಿಗೆ ಮೈಯೊಡ್ಡಿದ ಏರುಗಳಲ್ಲಿ ಮಣ್ಣು ತೆಳು, ಬೇಸಿಗೆಯಲ್ಲಿ ಬೆಂಕಿಯ ಕಾಟ ಬೇರೆ. ಅಲ್ಲಿ ಹುಲ್ಲು ಬಿಟ್ಟರೆ ಬೇರೆಯದು ನಿಲ್ಲುವುದು ಕಷ್ಟ. ನೀರು, ಮಣ್ಣು ಎರಡೂ ಬಂದು ಸೇರುವ ತಗ್ಗುಗಳಲ್ಲಿ ಕುಳ್ಳ ಮರಗಳು ಒತ್ತೊತ್ತಾಗಿ ನಿಲ್ಲುತ್ತವೆ. ಹುಲ್ಲೂ ಕಾಡೂ ಕೂಡಿಯೇ ಒಂದು ವ್ಯವಸ್ಥೆ. ಮಳೆಯ ನೀರನ್ನು ಹಿಡಿದಿಟ್ಟು ಬೇಸಿಗೆಯವರೆಗೆ ಸಣ್ಣಗೆ ಬಿಡುವುದು ಈ ಜೋಡಿಯೇ. ಖಾಲಿ ಜಾಗ ಎಂದು ಹುಲ್ಲಿನಲ್ಲಿ ಅಕೇಶಿಯಾ ನೆಟ್ಟ ಕಡೆಗಳಲ್ಲೆಲ್ಲ ಏನಾಯಿತು ಎಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಮಾರ್ಚಿನ ಚಿತ್ರದಲ್ಲಿ ಇಳಿಜಾರಿಗೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ. ಕಾಡ್ಗಿಚ್ಚು ದಾಟದಿರಲೆಂದು ಅರಣ್ಯ ಇಲಾಖೆಯವರು ಬೇಸಿಗೆಗೆ ಮೊದಲೇ ಸುಟ್ಟು ಬಿಡಿಸಿಡುವ ಬೆಂಕಿ ರೇಖೆ. ಜೂನಿನ ಚಿತ್ರದಲ್ಲಿ ಏನೂ ಇಲ್ಲ, ಬಿಳಿ ಹಾಳೆ. ಆದರೂ ಇಟ್ಟುಕೊಂಡಿದ್ದೇನೆ. ಆಗಸ್ಟಿನದರಲ್ಲಿ ಮಂಜು ಒಂದು ಗಳಿಗೆ ಸರಿದಾಗ ಸಿಕ್ಕ ಹಸಿರು ಎಷ್ಟು ಗಾಢವೆಂದರೆ, ಕಂಪ್ಯೂಟರಿನಲ್ಲಿ ಬಣ್ಣ ಏರಿಸಿದ್ದೀರಿ ಎಂದು ನೋಡಿದವರೆಲ್ಲ ಆರೋಪಿಸುತ್ತಾರೆ. ವಾಸ್ತವದಲ್ಲಿ ಇಳಿಸಿದ್ದೇನೆ.

ಸೆಪ್ಟೆಂಬರಿನದು ಇನ್ನೂ ಸಪ್ಪೆ. 2022ರಲ್ಲಿ ಇದೇ ತಿಂಗಳಲ್ಲಿ ಚಂದ್ರದ್ರೋಣ ಸಾಲಿನಲ್ಲಿ ಕುರಿಂಜಿ ಅರಳಿ ಗುಡ್ಡಗಳು ನೀಲಿಯಾಗಿದ್ದವು, ಗಿರಿಯ ದಾರಿಯುದ್ದಕ್ಕೂ ವಾಹನ ಸಾಲುಗಟ್ಟಿ ನಿಂತಿದ್ದವು. ಈ ಸಲ ಅಲ್ಲಿದ್ದದ್ದು ಬರೀ ಎಲೆ. ಕುರಿಂಜಿಯ ಬಳಗದ ಅನೇಕ ಗಿಡಗಳು ವರ್ಷಗಟ್ಟಲೆ ಬೆಳೆದು, ಒಮ್ಮೆಲೇ ಎಲ್ಲವೂ ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತವೆ. ಹೆಸರಾಂತ ನೀಲಕುರಿಂಜಿಗೆ ಈ ಸುತ್ತು 12 ವರ್ಷ. ಬಳಗದ ಬೇರೆ ಜಾತಿಗಳ ಲೆಕ್ಕ ಬೇರೆ ಬೇರೆ. ಹೂವಿನ ವರ್ಷದ ಚಿತ್ರಗಳು ಅಂತರ್ಜಾಲದಲ್ಲಿ ಸಾವಿರಗಟ್ಟಲೆ ಸಿಗುತ್ತವೆ. ಬೀಜ ಬಿದ್ದ ಮೇಲೆ ಸಸಿ ಎಷ್ಟೆತ್ತರ ಬಂತು, ಯಾವ ಕಡೆ ಬರಲೇ ಇಲ್ಲ, ಎಲ್ಲಿ ಪಾರ್ಕಿಂಗಿಗೆಂದು ನೆಲ ಸವರಿದರು ಎಂಬುದರ ಚಿತ್ರ ಹುಡುಕಿ ನೋಡಿ, ಸಿಗುವುದು ಅಪರೂಪ. ಸಪ್ಪೆ ಚಿತ್ರ ತೆಗೆಯುವವರು ಕಮ್ಮಿ.

ಬೇಸಿಗೆಯಲ್ಲಿ ಹೆಚ್ಚು ನಡೆದಾಡಲಿಲ್ಲ. ಬೆಂಕಿಯ ಭಯಕ್ಕೆ ಚಾರಣದ ದಾರಿಗಳನ್ನು ಮುಚ್ಚುವ ಕಾಲ ಅದು. ಜೊತೆಗೆ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದರಿಂದ ವೈದ್ಯಲೋಕದಲ್ಲಿ ಅದಕ್ಕೆ ಕ್ಯಾಸನೂರು ಕಾಡಿನ ರೋಗ ಎಂದೇ ಹೆಸರು. ಹರಡುವುದು ಉಣ್ಣೆ ಅಥವಾ ಉಣುಗಿನಿಂದ. ಒಣಗಿದ ತರಗೆಲೆಯ ಮೇಲೆ ಅಂಗಾತ ಮಲಗಿ ಮರದ ನೆತ್ತಿಯ ಫೋಟೊ ತೆಗೆಯುವ ಚಪಲ ಇರುವವರು ಡಿಸೆಂಬರಿನಿಂದ ಮೇವರೆಗೆ ಆ ಆಸೆ ಬಿಡುವುದು ಒಳ್ಳೆಯದು. ಉಣ್ಣೆಯ ಮರಿಗಳು ಎಷ್ಟು ಸಣ್ಣವೆಂದರೆ ಕಚ್ಚಿದ್ದೇ ಗೊತ್ತಾಗುವುದಿಲ್ಲ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಇದು ಚಾರಣದ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಊರಿನವರಿಗೆ ಮಾತ್ರ ಬಾಯಿಪಾಠ.

ಬೇಸಿಗೆಯ ಒಂದೇ ಲಾಭ ಕಾಫಿಯ ಹೂವು. ಫೆಬ್ರವರಿ–ಮಾರ್ಚಿನಲ್ಲಿ ಒಂದು ಹದವಾದ ಹೂಮಳೆ ಬಿದ್ದರೆ ವಾರ, ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಅದೂ ಮೂರು ನಾಲ್ಕು ದಿನದ ಸಂಭ್ರಮ, ಆಮೇಲೆ ಹೂವು ಕಂದುಗಟ್ಟುತ್ತದೆ. ರೊಬಸ್ಟಾ ತೋಟಗಳಲ್ಲಿ ಈಗ ಮಳೆಗೆ ಕಾಯುವವರು ಕಮ್ಮಿ. ಕೆರೆಗೆ ಪಂಪು ಹಾಕಿ ಸ್ಪ್ರಿಂಕ್ಲರ್ ತಿರುಗಿಸಿದರೆ ಹೂವು ಹೇಳಿದ ದಿನಕ್ಕೆ ಹಾಜರು. ಹಾಗಾಗಿ ಹೂವಿನ ಫೋಟೊ ಬೇಕಾದವರು ಪಂಚಾಂಗ ನೋಡುವ ಬದಲು ತೋಟದ ರೈಟರಿಗೆ ಫೋನು ಮಾಡುವುದು ವಾಸಿ. ಒಂದೇ ರಸ್ತೆಯ ಎಡಗಡೆ ತೋಟ ಬಿಳಿ, ಬಲಗಡೆ ತೋಟ ಹಸಿರು ಇದ್ದ ಒಂದು ಚಿತ್ರ ಸಿಕ್ಕಿತು. ಯಾರ ಕೆರೆಯಲ್ಲಿ ನೀರಿತ್ತು, ಯಾರದ್ದರಲ್ಲಿ ಇರಲಿಲ್ಲ ಎಂಬುದರ ಲೆಕ್ಕ ಅದರಲ್ಲೇ ಇದೆ.

2025ರ ಮುಂಗಾರು ಎಲ್ಲರ ಲೆಕ್ಕ ತಪ್ಪಿಸಿತು. ಜೂನ್ 1ಕ್ಕೆ ಕೇರಳ ಮುಟ್ಟಬೇಕಾದದ್ದು ಮೇ 24ಕ್ಕೇ ಬಂತು. 2009ರ ನಂತರ ಇಷ್ಟು ಬೇಗ ಬಂದದ್ದು ಇದೇ ಮೊದಲು. ರೋಹಿಣಿ ಹುಟ್ಟುವ ಹೊತ್ತಿಗೆ ಘಟ್ಟದ ಮೇಲೆ ಮಳೆ ಹಿಡಿದಾಗಿತ್ತು. ಮಳೆಗಾಲದಲ್ಲಿ ಕ್ಯಾಮೆರಾ ಕಪಾಟಿನಲ್ಲಿಟ್ಟು ಬೀಗ ಹಾಕುವುದು ಹವ್ಯಾಸಿಗಳ ರೂಢಿ. ನನಗೆ ಮಾತ್ರ ವರ್ಷದ ಒಳ್ಳೆಯ ಕೆಲಸವೆಲ್ಲ ಆರಿದ್ರೆಯಿಂದ ಹುಬ್ಬೆಯವರೆಗಿನ ಮಳೆಯಲ್ಲೇ ಆಯಿತು.

ಮಂಜಿನಲ್ಲಿ ತೆಗೆದ ಚಿತ್ರ ಯಾಕೆ ಬೂದಿ ಬಳಿದಂತೆ ಬರುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಕ್ಯಾಮೆರಾದೊಳಗಿನ ಬೆಳಕಿನ ಮಾಪಕಕ್ಕೆ ಎದುರಿಗಿರುವುದು ಏನೆಂದು ಗೊತ್ತಿಲ್ಲ. ಲೋಕವೆಲ್ಲ ಸರಾಸರಿ ನಡುಬೂದು ಬಣ್ಣದ್ದು ಎಂದು ನಂಬಿಕೊಂಡು ಅದು ಲೆಕ್ಕ ಹಾಕುತ್ತದೆ. ಎದುರಿಗೆ ಬರೀ ಬಿಳಿ ಇದ್ದರೆ ‘ಬೆಳಕು ಜಾಸ್ತಿಯಾಯಿತು’ ಎಂದು ತಾನೇ ಕಡಿತ ಮಾಡಿ, ಬಿಳಿಯನ್ನು ಬೂದು ಮಾಡಿಬಿಡುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿದರೆ ಮಂಜು ಮಂಜಾಗಿ ಬರುತ್ತದೆ. ಮೊಬೈಲಿನಲ್ಲಾದರೆ ಪರದೆ ಮುಟ್ಟಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಸ್ವಲ್ಪ ಮೇಲೆ ತಳ್ಳಿದರಾಯಿತು. ಹಿಮದ ಊರುಗಳಲ್ಲಿರುವವರಿಗೂ ಇದೇ ಪಾಠ. ಕರಿಬಂಡೆ, ಕರಿಕೋಣಕ್ಕೆ ಇದರ ತಿರುಗುಮುರುಗು.

ಮಳೆಯಲ್ಲಿ ಉಳಿದುಕೊಳ್ಳುತ್ತಿದ್ದದ್ದು ಕೊಟ್ಟಿಗೆಹಾರದ ಕಡೆ, ಗೆಳೆಯನ ಸೋದರತ್ತೆಯ ಮನೆಯಲ್ಲಿ. ಹಳೆಯ ಹೆಂಚಿನ ಮನೆ, ಜಗಲಿಗೆ ಮಳೆಯ ಎರಚಲು ತಡೆಯಲು ಇಳಿಬಿಟ್ಟ ನೀಲಿ ಟಾರ್ಪಾಲು. ಮೊದಲ ದಿನವೇ ಆ ಅಮ್ಮ ನನ್ನ ಚೀಲ ನೋಡಿ, ‘ಈ ಮಳೇಲಿ ಎಂಥದ್ದು ಫೋಟೊ ತೆಗೀತೀರಿ ಮಾರಾಯ್ರೆ?’ ಎಂದರು. ಕಪ್ಪೆ ಎಂದೆ. ಅವರು ಗೆಳೆಯನ ಮುಖ ನೋಡಿದರು. ಅವನು ಕಷಾಯದ ಲೋಟದ ಹಿಂದೆ ಮುಖ ಮುಚ್ಚಿಕೊಂಡ.

ಕ್ಯಾಮೆರಾಕ್ಕೆ ತೇವ ಹಿಡಿಯುತ್ತದೆ ಎಂದು ನಾನು ಪೇಚಾಡುವುದನ್ನು ಕೇಳಿಸಿಕೊಂಡು, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟುಬಿಡಿ ಎಂದರು. ಹಲಸಿನ ಹಪ್ಪಳ, ಬಿತ್ತನೆಯ ಬೀಜ, ಒಣಮೀನು ಎಲ್ಲ ಆ ಮನೆಯಲ್ಲಿ ಮಳೆಗಾಲ ದಾಟುವುದು ಅಲ್ಲಿಯೇ. ಸಲಹೆ ಅರ್ಧ ಸರಿ. ಮಸೂರದ ಗಾಜಿಗೆ ಬೂಷ್ಟು ಹಿಡಿಯುವುದು ಗಾಳಿಯ ತೇವ ಬಹಳ ದಿನ ಶೇ 60ಕ್ಕಿಂತ ಮೇಲೆ ನಿಂತಾಗ. ಜೇಡರ ಬಲೆಯ ಎಳೆಗಳಂತೆ ಒಳಗಾಜಿನ ಮೇಲೆ ಹಬ್ಬಿ, ಕೊನೆಗೆ ಅದರ ಲೇಪನವನ್ನೇ ತಿನ್ನುತ್ತದೆ. ಬಿಸಿ, ಒಣ ಜಾಗ ಬೇಕು ನಿಜ. ಆದರೆ ಹೊಗೆಯ ಜಿಡ್ಡು ಬೇಡ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್‌ನ ಪೊಟ್ಟಣ, ಪೊಟ್ಟಣದ ಹರಳು ಬಣ್ಣ ಬದಲಿಸಿದಾಗ ಅದನ್ನು ಮಾತ್ರ ಒಲೆಯ ಪಕ್ಕ ಬೆಚ್ಚಗೆ ಮಾಡಿ ಮತ್ತೆ ತುಂಬುವುದು. ಹೀಗೆ ಇಬ್ಬರ ವಿದ್ಯೆಯೂ ಸೇರಿ ನನ್ನ ಮ್ಯಾಕ್ರೊ ಲೆನ್ಸ್ ಮಳೆಗಾಲ ದಾಟಿತು.

ನಾನು ಹುಡುಕಿ ಹೋದದ್ದು ಕೊಟ್ಟಿಗೆಹಾರದ ಹೆಸರು ಹೊತ್ತ ಕುಣಿಯುವ ಕಪ್ಪೆಯನ್ನು. ಬಸ್ಸಿನವರಿಗೆ ಕೊಟ್ಟಿಗೆಹಾರವೆಂದರೆ ಚಾರ್ಮಾಡಿ ಘಾಟಿ ಇಳಿಯುವ ಮುಂಚಿನ ನೀರ್‌ದೋಸೆ. ಜೀವಶಾಸ್ತ್ರದವರಿಗೆ ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. 1937ರಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ.ಆರ್. ನಾರಾಯಣ ರಾವ್. 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಮಳೆಗಾಲದ ರಾತ್ರಿ ಪೊದೆಗಳಿಂದ ಟಿಕ್ ಟಿಕ್ ಎಂದು ಕೇಳಿಸುವ ಪುಟ್ಟ ಪೊದೆಗಪ್ಪೆಗಳ ಒಂದು ದೊಡ್ಡ ಕುಲಕ್ಕೆ 2010ರಲ್ಲಿ ಅವರ ಹೆಸರನ್ನೇ ಸೇರಿಸಿ ರಾವೊರ್ಕೆಸ್ಟಿಸ್ ಎಂದು ಕರೆದರು. ಅಂದರೆ ಮಲೆನಾಡಿನಲ್ಲಿ ಮಳೆಗಾಲದ ಒಂದು ರಾತ್ರಿ ಕಳೆದವರೆಲ್ಲ, ತಿಳಿಯದೆಯೇ, ಒಬ್ಬ ಬೆಂಗಳೂರು ಮೇಷ್ಟರ ಹೆಸರಿನ ಸಂಗೀತ ಕೇಳಿದ್ದಾರೆ. ಅವರು ಸಂಗ್ರಹಿಸಿದ್ದ ಹಲವು ಮಾದರಿಗಳು ಮುಂದೆ ಕಳೆದುಹೋದವು. ಯಾವ ಕಪ್ಪೆ ಎಲ್ಲಿ ಸಿಕ್ಕಿತು ಎಂಬ ಬರಹ ಉಳಿದುಕೊಂಡದ್ದೇ ನಂತರದವರಿಗೆ ಹಿಡಿಯಲು ಸಿಕ್ಕ ದಾರ. 2014ರಲ್ಲಿ ಎಸ್.ಡಿ. ಬಿಜು ಅವರ ತಂಡ ಪಶ್ಚಿಮ ಘಟ್ಟದಿಂದ ಒಂದೇ ಸಲಕ್ಕೆ 14 ಹೊಸ ಕುಣಿಯುವ ಕಪ್ಪೆಗಳನ್ನು ವಿವರಿಸಿದಾಗ ಈ ಪುಟಾಣಿಗಳಿಗೆ ದಿಢೀರನೆ ಪತ್ರಿಕೆಗಳ ಮುಖಪುಟ ಸಿಕ್ಕಿತ್ತು.

ತೊರೆ ಯಾವುದೆಂದು ಹೇಳುವುದಿಲ್ಲ. ಮಾಗಿದ ಅಡಿಕೆಯಷ್ಟೂ ದೊಡ್ಡದಲ್ಲದ, ಒದ್ದೆ ಕಲ್ಲಿನ ಬಣ್ಣದ್ದೇ ಆದ ಕಪ್ಪೆ. ನೀರು ಕಲ್ಲಿಗೆ ಬಡಿದು ಚಿಮ್ಮುವ ಜಾಗದಲ್ಲಿ ಕೂತಿತ್ತು. ಗಂಟಲು ಉಬ್ಬಿಸಿ ಕೂಗಿತು. ಆ ನೀರಿನ ಸದ್ದಿನಲ್ಲಿ ನಮಗೇ ಕೇಳಿಸಲಿಲ್ಲ, ಇನ್ನೊಂದು ಕಪ್ಪೆಗೆ ಕೇಳಿಸೀತೇ? ಅದಕ್ಕೆಂದೇ ಇದೆ ಎರಡನೆಯ ಉಪಾಯ. ಒಂದು ಹಿಂಗಾಲನ್ನು ನಿಧಾನ ಪಕ್ಕಕ್ಕೆ ಚಾಚಿತು. ಪೂರ್ತಿ ಚಾಚಿದ ಮೇಲೆ ಬೆರಳುಗಳನ್ನು ಬಿಡಿಸಿತು. ಬೆರಳ ನಡುವಿನ ತೆಳುಪೊರೆ ಮಬ್ಬುಬೆಳಕಿನಲ್ಲಿ ಬೆಳ್ಳಗೆ ಹೊಳೆಯಿತು. ಒಂದು ಕ್ಷಣ ಹಾಗೇ ಹಿಡಿದು, ಕಾಲನ್ನು ಮಡಿಚಿಕೊಂಡಿತು. ಆಮೇಲೆ ಮತ್ತೊಂದು ಕಾಲು. ಇದು ನನ್ನ ಜಾಗ, ದೂರ ಇರು ಎಂದು ಎದುರಿನ ಗಂಡಿಗೆ ಕೊಡುವ ಎಚ್ಚರಿಕೆ. ಹೆಣ್ಣಿಗೂ ಅದರಿಂದ ಸುದ್ದಿ ಮುಟ್ಟುತ್ತದೆ.

ಚಿತ್ರ ತೆಗೆಯುವುದು ಸುಲಭವಿರಲಿಲ್ಲ. ಹಗಲು ಹನ್ನೊಂದು ಗಂಟೆಗೂ ಮರದಡಿಯಲ್ಲಿ ಸಂಜೆಯ ಕತ್ತಲು. ಕಾಲಿನ ಚಲನೆ ಮಸುಕಾಗದಿರಲು ಸೆಕೆಂಡಿನ 125ನೇ ಒಂದು ಭಾಗದ ವೇಗವಾದರೂ ಬೇಕು. ಅದಕ್ಕೆ ಐಎಸ್ಒ 6400ಕ್ಕೆ ಏರಿಸಬೇಕು, ಏರಿಸಿದರೆ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಕಣಕಣ. ಫ್ಲ್ಯಾಷ್ ಹಾಕಿದರೆ ಸ್ಫುಟವಾದೀತು, ಕುಣಿತ ನಿಂತೀತು. ರವೆಯೇ ಇರಲಿ ಎಂದುಕೊಂಡೆ. ಕಪ್ಪೆಯನ್ನು ಕೈಯಲ್ಲೆತ್ತಿ ‘ಚಂದದ’ ಎಲೆಯ ಮೇಲೆ ಕೂರಿಸಿ ತೆಗೆಯುವವರೂ ಇದ್ದಾರೆ. ಕಪ್ಪೆ ಉಸಿರಾಡುವುದರಲ್ಲಿ ಚರ್ಮದ ಪಾಲು ದೊಡ್ಡದು. ಕೈಯ ಉಪ್ಪು, ಸೊಳ್ಳೆ ಮುಲಾಮು ಅದಕ್ಕೆ ವಿಷವಾಗಬಹುದು. ಅಂಥ ಚಿತ್ರಕ್ಕೆ ಬಹುಮಾನ ಬಂದರೂ ಕೊಡುವವರ ಬಗ್ಗೆ ನನಗೆ ಗೌರವವಿಲ್ಲ. ನಾವು ಎದ್ದಾಗ ಇಬ್ಬರ ಸಾಕ್ಸೂ ಕೆಂಪಾಗಿದ್ದವು. ಇಂಬಳ ಕಚ್ಚುವಾಗ ರಕ್ತ ಹೆಪ್ಪುಗಟ್ಟದಂಥ ರಸ ಬಿಡುತ್ತದೆ. ನೋವಿಲ್ಲ, ಆದರೆ ನೆತ್ತರು ನಿಲ್ಲಲು ಹೊತ್ತು ಹಿಡಿಯುತ್ತದೆ. ಗೆಳೆಯ ಸುಣ್ಣ, ಹೊಗೆಸೊಪ್ಪಿನ ಪಕ್ಷ. ನಾನು ಉಪ್ಪಿನ ಪಕ್ಷ. ವರ್ಷದ ಕೊನೆಗೂ ಅದು ಇತ್ಯರ್ಥವಾಗಿಲ್ಲ.

ಸೆಪ್ಟೆಂಬರ್ 7ರ ರಾತ್ರಿಯ ಪೂರ್ಣ ಚಂದ್ರಗ್ರಹಣಕ್ಕೆ ಘಟ್ಟದ ಮೋಡ ನಂಬಿಕೊಂಡರಾಗದೆಂದು ಬಯಲುಸೀಮೆಗೆ ಇಳಿದೆವು. 82 ನಿಮಿಷ ಚಂದ್ರ ಭೂಮಿಯ ನೆರಳಿನೊಳಗೇ ಇದ್ದ. ಮೋಡದ ಕಿಂಡಿಗಳಲ್ಲಿ ಸಿಕ್ಕಷ್ಟು ಸಿಕ್ಕಿತು. ಹುಣ್ಣಿಮೆ ಚಂದ್ರನಿಗೆ ಸೆಕೆಂಡಿನ ಇನ್ನೂರನೇ ಒಂದು ಭಾಗ ಸಾಕಾಗುವ ಕ್ಯಾಮೆರಾಕ್ಕೆ, ತಾಮ್ರದ ಬಣ್ಣಕ್ಕೆ ತಿರುಗಿದ ಅದೇ ಚಂದ್ರನಿಗೆ ಒಂದು ಸೆಕೆಂಡೂ ಕಡಿಮೆ ಎನ್ನಿಸುತ್ತದೆ. ಚಿತ್ರಗಳೇನೂ ವಿಶೇಷವಿಲ್ಲ.

ಜನಸಂದಣಿಯ ಮಾತು ಬಿಟ್ಟು ಇಂದಿನ ಚಾರಣದ ಬಗ್ಗೆ ಬರೆಯುವ ಹಾಗಿಲ್ಲ. 2024ರ ಜನವರಿಯ ಕೊನೆಯ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ ವಿಡಿಯೊ ಎಲ್ಲರೂ ನೋಡಿದ್ದರು. ಆನಂತರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷ ‘ಅರಣ್ಯ ವಿಹಾರ’ ಜಾಲತಾಣ ಬಂತು. ಒಂದು ದಾರಿಗೆ ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯೂ ಬಂತು. ಈ ಸೆಪ್ಟೆಂಬರಿನಿಂದ ಮುಳ್ಳಯ್ಯನಗಿರಿ ಭಾಗಕ್ಕೆ ಹೋಗುವ ವಾಹನಗಳೂ ಮೊದಲೇ ಆನ್‌ಲೈನಿನಲ್ಲಿ ನೋಂದಾಯಿಸಿಕೊಂಡು, ಬೆಳಗಿನ ಅಥವಾ ಮಧ್ಯಾಹ್ನದ ಪಾಳಿಯಲ್ಲಿ ಹೋಗಬೇಕು. ಬೈಯುವವರಿದ್ದಾರೆ. ವಾರವಿಡೀ ದುಡಿದು ಶುಕ್ರವಾರ ರಾತ್ರಿ ಬಸ್ಸು ಹತ್ತುವ ಹುಡುಗ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಅದೇ ಬಸ್ಸಿನವನು. ಆದರೆ ಹುಲ್ಲಿನ ಏರಿನಲ್ಲಿ ಒಂದು ಕಾಲುದಾರಿ ಸವೆದರೆ ಮೊದಲ ಮಳೆಗೆ ಅದೇ ಕಾಲುವೆಯಾಗುತ್ತದೆ. ಕೆಸರು ತಪ್ಪಿಸಲು ಜನ ಪಕ್ಕದಲ್ಲಿ ಇನ್ನೊಂದು ದಾರಿ ಮಾಡುತ್ತಾರೆ, ಮರುವರ್ಷ ಅದೂ ಕಾಲುವೆ. ನನ್ನ ಇಳಿಜಾರಿನ ಜನವರಿ ಚಿತ್ರವನ್ನೂ ನವೆಂಬರಿನ ಚಿತ್ರವನ್ನೂ ದೊಡ್ಡದು ಮಾಡಿ ನೋಡಿದರೆ, ಬಲ ಮೂಲೆಯ ದಾರಿ ಒಂದಿದ್ದದ್ದು ಮೂರಾಗಿದೆ. ಮಿತಿ ಬೇಕೋ ಬೇಡವೋ ಎಂಬ ವಾದಕ್ಕೆ ನನ್ನ ಬಳಿ ಇರುವುದು ಅಷ್ಟೇ.

ಇಂಥ ಚಿತ್ರ ಉಪಯೋಗಕ್ಕೆ ಬರಬೇಕಾದರೆ ದಿನ, ಜಾಗ ಅದರ ಜೊತೆಗೇ ಇರಬೇಕು. ಕ್ಯಾಮೆರಾ, ಮೊಬೈಲುಗಳು ಅವನ್ನು ಚಿತ್ರದ ಕಡತದೊಳಗೇ ಬರೆದಿಡುತ್ತವೆ. ಆದರೆ ವಾಟ್ಸ್ಆ್ಯಪಿನಲ್ಲಿ ಮಾಮೂಲಿ ಫೋಟೊ ಎಂದು ಕಳಿಸಿದಾಗ ಚಿತ್ರ ಕುಗ್ಗುವುದಲ್ಲದೆ ಆ ಮಾಹಿತಿಯೂ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತದೆ. ಐನ್ಯಾಚುರಲಿಸ್ಟ್‌ನಂಥ ತಾಣಕ್ಕೆ ಹಾಕಿದರೆ ಜಗತ್ತಿನ ಯಾವುದೋ ಮೂಲೆಯ ತಜ್ಞರು ನೋಡಿ ಹೆಸರು ಹೇಳುತ್ತಾರೆ, ತಕರಾರು ತೆಗೆಯುತ್ತಾರೆ. ನನ್ನ ಪೊದೆಗಪ್ಪೆಗಳಲ್ಲಿ ಹೆಚ್ಚಿನವು ಕುಲದ ಹೆಸರಿನಲ್ಲೇ ನಿಂತಿವೆ. ಕೂಗನ್ನು ಧ್ವನಿಮುದ್ರಿಸದೆ ಬರೀ ಚಿತ್ರದಿಂದ ಜಾತಿ ಹೇಳಲಾಗದು ಎಂದು ಒಬ್ಬರು ಬರೆದರು, ಹಾಗಾಗಿ ಮುಂದಿನ ಮಳೆಗೆ ಮೈಕೂ ಚೀಲ ಸೇರಲಿದೆ. ಅಪಾಯದಂಚಿನಲ್ಲಿರುವ ಜೀವಿಯಾದರೆ ಆ ತಾಣ ಸರಿಯಾದ ಜಾಗವನ್ನು ತಾನೇ ಮರೆಮಾಚಿ, ಸುಮಾರು 20 ಕಿಲೊಮೀಟರ್ ಅಳತೆಯ ಚೌಕವನ್ನಷ್ಟೇ ತೋರಿಸುತ್ತದೆ. ಹಕ್ಕಿಯ ಗೂಡು, ಸೀತಾಳೆ ಹೂವು ಇರುವ ಮರ, ಕಪ್ಪೆಯ ತೊರೆ ಇವುಗಳ ನಕಾಶೆಯನ್ನು ಫೇಸ್‌ಬುಕ್ಕಿನಲ್ಲಿ ಅಂಟಿಸುವವರು ಇದನ್ನು ನೋಡಿ ಕಲಿಯಬಹುದು.

ಒಂದೇ ಜಾಗಕ್ಕೆ ಅಂಟಿಕೊಳ್ಳುವುದರಲ್ಲಿ ನಮಗೆ ಹಿರಿಯರಿಲ್ಲ ಎಂದೇನಿಲ್ಲ. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತಲೇ ಕಾದು ಕೂತು ಹಕ್ಕಿಗಳ ಚಿತ್ರ ತೆಗೆದವರು. ಅವರ ಚಿತ್ರಗಳ ಗುಣದ ಬಗ್ಗೆ ಜನ ಮಾತಾಡುತ್ತಾರೆ. ನನಗೆ ಬೆರಗು ಅವರು ಹೊಸ ಹಕ್ಕಿಗಾಗಿ ಊರೂರು ಅಲೆಯಲಿಲ್ಲ ಎನ್ನುವುದು.

ವರ್ಷದ ಚಿತ್ರಗಳಲ್ಲಿ ಕೆಲವನ್ನು ಕಾಗದಕ್ಕೆ ಹಾಕಿಸಿದೆ. ಸ್ಟುಡಿಯೊದವರಿಗೇ ಆಶ್ಚರ್ಯ, ಮದುವೆ ಆಲ್ಬಮ್ ಬಿಟ್ಟು ಪ್ರಿಂಟು ಕೇಳುವವರೇ ಇಲ್ಲವಂತೆ. ಕೊಟ್ಟಿಗೆಹಾರದ ಅಮ್ಮನದೊಂದು ಇತ್ತು. ಜಗಲಿಯಲ್ಲಿ ಕೂತು ಕಳಲೆ ಹೆಚ್ಚುತ್ತಿದ್ದದ್ದು. ದೀಪಾವಳಿಯ ಮರುವಾರ ಕೊಂಡೊಯ್ದು ಕೊಟ್ಟಾಗ ಕನ್ನಡಕ ತರಿಸಿಕೊಂಡು ನೋಡಿದರು.

‘ಇದೆಂಥ, ನನ್ನ ಸೀರೆ ಕೆಂಪು. ಇದ್ರಲ್ಲಿ ಬದನೇಕಾಯಿ ಬಣ್ಣ ಬಂದಿದೆ.’

ನೀಲಿ ಟಾರ್ಪಾಲಿನ ಮೂಲಕ ಬಂದ ಬೆಳಕು ಎಲ್ಲದಕ್ಕೂ ನೀಲಿ ಸವರುತ್ತದೆ, ನಮ್ಮ ಕಣ್ಣು ಅದನ್ನು ತಾನೇ ತಿದ್ದಿಕೊಂಡು ನೋಡುತ್ತದೆ, ಕ್ಯಾಮೆರಾಕ್ಕೆ ಅಷ್ಟು ಬುದ್ಧಿಯಿಲ್ಲ ಎಂದೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡಂತೆ ಕಾಣಲಿಲ್ಲ. ಚಿತ್ರದಲ್ಲಿ ತಮ್ಮ ತಲೆಯ ಹಿಂದಿನ ಮಾಡನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. ‘ಬೇಸಿಗೇಲಿ ಮಗ ಈ ಹೆಂಚೆಲ್ಲ ಇಳಿಸಿ ಶೀಟು ಹಾಕಿಸ್ತಾನಂತೆ. ಅದಕ್ಕೆ ಮೊದ್ಲು ಒಂದ್ಸಲ ಬಂದು ಮನೇದು ತೆಗೀರಿ. ಅಂಗಳದಿಂದ ಒಂದು, ಹಿಂದಿನ ಕೊಟ್ಟಿಗೆ ಕಡೆಯಿಂದ ಒಂದು. ನನ್ನದು ಬೇಡ.’

ಫೆಬ್ರವರಿಯಲ್ಲಿ, ಮೇಸ್ತ್ರಿ ಬರುವ ಮುಂಚೆ, ಹೋಗಬೇಕಾಗಿದೆ.